ಅಂಚಿಗೆ ಅಂಟಿಸಬೇಡ ಮಗಳೇ

"ಈ ಸಾಲು ಬರೆದಿದ್ದು ಯಾರು?"

ಅವಳ ದನಿಗೆ ವಿಶ್ವವಿದ್ಯಾಲಯದ ಆ ನೆಲಮಾಳಿಗೆಯಲ್ಲಿ ಒರಗಿಸಿಟ್ಟಿದ್ದ ಚಿತ್ರಗಳೂ ಬೆಚ್ಚಿಬಿದ್ದಿರಬೇಕು!

ಕೈಯಲ್ಲಿದ್ದ ಪತ್ರವನ್ನು ಎತ್ತಿ ಹಿಡಿದಳು.

ಉದ್ದನೆಯ ಮೇಜಿನ ಆ ತುದಿಯಲ್ಲಿ ದೀಪದ ಕೆಳಗೆ ಬಗ್ಗಿದ್ದವನು ತಲೆಯೆತ್ತಿದ. ಹಣೆಯ ಮೇಲೆ ಪಟ್ಟಿ ಕಟ್ಟಿದ್ದ ಭೂತಗನ್ನಡಿ, ಕಿವಿಯ ಸಂದಿಯಲ್ಲಿ ಪೆನ್ಸಿಲ್. ಹಳೆಯ ಚಿತ್ರಗಳನ್ನು ಪರೀಕ್ಷಿಸಿ ರಿಪೇರಿ ಮಾಡುವುದು ಅವನ ಕೆಲಸ. ಅಲ್ಲಿನವರೆಲ್ಲ ಅವನನ್ನು ಕರೆಯುತ್ತಿದ್ದದ್ದೂ ಭೂತಗನ್ನಡಿ ಎಂದೇ.

"ಯಾವ ಸಾಲು?"

ಅವಳು ಓದಿದಳು. "'ಸಹಿ ವಾರ್ನಿಷ್‌ನ ಮೇಲಿದೆ. ಚಿತ್ರಕ್ಕಿಂತ ಕನಿಷ್ಠ ಮೂವತ್ತು ವರ್ಷ ಈಚಿನದು.' ಇದು!"

"ನಾನೇ ಬರೆದಿದ್ದು."

ಒಂದು ಕ್ಷಮೆ ಇಲ್ಲ, ಒಂದು ತೊದಲಿಲ್ಲ. ಅವಳು ಪತ್ರವನ್ನು ಮೇಜಿನ ಮೇಲೆ ಬಡಿದಳು.

"ನೀವು ಎರಡು ಸಾಲು ಬರೆದ್ರಿ. ನಿಮ್ಮ ಸಮಿತಿ ಅದರ ಕೆಳಗೆ ಇನ್ನೊಂದು ಸಾಲು ಬರೀತು. ಈ ನಾಲ್ಕೂ ಚಿತ್ರ ನಮ್ಮಮ್ಮನದಲ್ಲ, ಅವಳ ಗಂಡನದು, ಅವನು ಸತ್ತ ಮೇಲೆ ಇವಳು ತನ್ನ ಹೆಸರು ಹಾಕ್ಕೊಂಡಿದ್ದಾಳೆ, ಈ ಸಂಗ್ರಹದಲ್ಲಿ ಹೆಂಗಸರು ಬರೆದ ಚಿತ್ರಕ್ಕೆ ಮಾತ್ರ ಜಾಗ ಅಂತ. ಇದನ್ನ ಓದಿದ ದಿನ ನಮ್ಮಮ್ಮ ಗೋಡೆ ಕಡೆ ತಿರುಗಿ ಮಲಗಿದ್ರು. ಹನ್ನೊಂದು ದಿನ ಆಯ್ತು. ಒಂದು ಮಾತು ಆಡಿಲ್ಲ!"

ಅವನ ಮುಖದ ಬಣ್ಣ ಇಳಿಯಿತು.

"ನಾನು ಕಂಡದ್ದನ್ನ ಮಾತ್ರ ಬರೀತೀನಿ. ಸಹಿ ನಿಜಕ್ಕೂ ವಾರ್ನಿಷ್‌ನ ಮೇಲಿದೆ. ಆದ್ರೆ ಫ್ರೇಮ್ ಬಿಚ್ಚಿ ನೋಡೋಣ ಅಂತ ನಾನು ಕೇಳಿ..."

ಅಲ್ಲಿಗೇ ನಿಲ್ಲಿಸಿದ. ಅವಳ ಹೆಬ್ಬೆರಳಿನ ಸುತ್ತಿಗೆ ಗಾಯ ಕಂಡಿತು, ಉಗುರಿನ ಸಂದಿಯಲ್ಲಿ ಒಣಗಿದ ಗೋಂದು ಕಂಡಿತು. ಈ ಚಿತ್ರಗಳಿಗೆ ಫ್ರೇಮಿನ ಕಟ್ಟು ಹಾಕಿದವಳು ಇವಳೇ. ಅದು ಗೊತ್ತಾದ ಮೇಲೆ ಅವನ ಬಾಯಿಗೆ ಬೀಗ ಬಿತ್ತು.

"ಕೇಳಿ? ಏನು ಕೇಳಿ?"

"ಏನಿಲ್ಲ. ಒಂದೇ ಒಂದು ಚಿತ್ರ ಬಿಟ್ಟುಹೋಗಿ. ಇನ್ನೊಮ್ಮೆ ನೋಡ್ತೀನಿ."

"ನೋಡಿದ್ದು ಸಾಕು!"

ಅವನು ನಾಲ್ಕು ಚಿತ್ರಗಳನ್ನೂ ಒಂದೊಂದಾಗಿ ತಂದು ಗಾಡಿಯಲ್ಲಿಟ್ಟ. ಎರಡು ಬದಿ ಮಾತ್ರ ಹಿಡಿದು, ಎದೆಗೆ ತಾಗಿಸದೆ, ನಿದ್ದೆ ಹೋದ ಮಗುವನ್ನು ಮಲಗಿಸುವವನ ಹಾಗೆ. ಶತ್ರುವಿನ ಕೈ ಇಷ್ಟು ಮೆತ್ತಗಿರಬಾರದಿತ್ತು ಎಂದುಕೊಂಡಳು. ಅದಕ್ಕೂ ಅವಳಿಗೆ ಕೋಪವೇ ಬಂತು.

* * *

ಅವಳ ಫ್ರೇಮ್ ಅಂಗಡಿ ರಸ್ತೆಗೆ, ಮನೆ ಅದರ ಹಿಂದಕ್ಕೆ. ಮನೆಯಲ್ಲಿ ಅವಳ ಹೆಸರು ಮೊಳೆ. ಹತ್ತು ತಿಂಗಳಿಗೇ ಯಾರ ಕೈಯನ್ನೂ ಹಿಡಿಯದೆ ಮೊಳೆ ಹೊಡೆದ ಹಾಗೆ ನೆಟ್ಟಗೆ ನಿಂತಳಂತೆ. ಮೂವತ್ತಾರು ದಾಟಿದರೂ ಅಮ್ಮನಿಗೆ, ಚಿಕ್ಕಮ್ಮನಿಗೆ ಅವಳು ಮೊಳೆಯೇ.

ಅಪ್ಪ ಹೆಸರಾಂತ ಚಿತ್ರಕಾರ. ಹಾಗೆಂದು ಊರೆಲ್ಲ ನಂಬಿತ್ತು. ಹೊರಗಿನ ಕೋಣೆಯಲ್ಲಿ ಅಪ್ಪ ಬಂದವರ ಜೊತೆ ಮಾತಾಡುತ್ತಿದ್ದರು, ಒಳಗಿನ ಕೋಣೆಯಲ್ಲಿ ಅಮ್ಮ ಬರೆಯುತ್ತಿದ್ದರು. ಚಿತ್ರ ಮುಗಿದಾಗ ಅಪ್ಪ ಬಂದು ಮೂಲೆಯಲ್ಲಿ ತಮ್ಮ ಸಹಿ ಹಾಕುತ್ತಿದ್ದರು. "ಒಂದು ಮನೆಗೆ ಒಂದು ಹೆಸರು ಸಾಕಲ್ವೇನೇ?" ಎನ್ನುತ್ತಿದ್ದರು. ನಗುತ್ತಲೇ ಎನ್ನುತ್ತಿದ್ದರು. ಅದೇ ಕಷ್ಟ. ಬೈದು ಹೇಳಿದ್ದರೆ ಅಮ್ಮ ಒಮ್ಮೆಯಾದರೂ ತಿರುಗಿ ಬೀಳುತ್ತಿದ್ದರೇನೋ.

ನಾಲ್ಕು ಚಿತ್ರ ಮಾತ್ರ ಅಪ್ಪನಿಗೆ ಹಿಡಿಸಲಿಲ್ಲ. ಒಗೆಯುವ ಕಲ್ಲು, ಖಾಲಿ ತೊಟ್ಟಿಲು, ಹಾಲು ಉಕ್ಕಿದ ಒಲೆ, ಬಾಗಿಲ ಹಿಂದಿನ ಕತ್ತಲೆ. "ಇದನ್ನ ಯಾರು ಗೋಡೆಗೆ ಹಾಕ್ಕೋತಾರೆ?" ಎಂದು ಸಹಿ ಇಲ್ಲದೆಯೇ ಅಟ್ಟಕ್ಕೇರಿಸಿದರು. ಮೊಳೆ ಹತ್ತೊಂಬತ್ತಕ್ಕೆ ಫ್ರೇಮಿನ ಕೆಲಸ ಕಲಿಯಲು ಶುರುಮಾಡಿದಾಗ, ಕೈ ಪಳಗಲಿ ಎಂದು ಅವನ್ನೇ ಕೆಳಗಿಳಿಸಿ ಕೊಟ್ಟಿದ್ದರು.

ಅಪ್ಪ ತೀರಿಕೊಂಡ ಮೇಲೆ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಅಮ್ಮ ಊಟದ ಮೇಜಿನ ಮೇಲೆ ಆ ನಾಲ್ಕನ್ನು ಹರಡಿಕೊಂಡು ಕೂತರು. ದಿನಕ್ಕೊಂದರಂತೆ ನಾಲ್ಕು ದಿನ, ನಾಲ್ಕು ಸಹಿ. ಜೀವಮಾನದಲ್ಲಿ ಅಮ್ಮ ತಮ್ಮ ಚಿತ್ರಕ್ಕೆ ಹಾಕಿದ ಸಹಿ ಅಷ್ಟೇ.

ವಿಶ್ವವಿದ್ಯಾಲಯದ ಸಂಗ್ರಹಕ್ಕೆಂದು ಕಳಿಸಿದರೆ, ಸಮಿತಿಯವರು ಅದನ್ನೇ ಕಳ್ಳತನ ಎಂದುಬಿಟ್ಟರು...

"ಅಕ್ಕಾ, ನೋಡೇ, ನಿನ್ನ ಚಿತ್ರ ಮನೆಗೆ ಬಂದ್ವು," ಎಂದರು ಚಿಕ್ಕಮ್ಮ ಮಂಚದ ಬಳಿ ಕೂತು. "ಅವರಿಗೆ ಬೇಡದಿದ್ರೆ ಅಷ್ಟೇ ಹೋಯ್ತು. ನಾನು ಅಡುಗೆಮನೇಲಿ ಹಾಕ್ತೀನಿ. ಒಗ್ಗರಣೆ ಹೊಗೇಲಿ ಇನ್ನೂ ಹಳೇದಾಗಿ ಕಾಣ್ತವೆ, ಆಗ ಆ ಭೂತಗನ್ನಡಿಯಪ್ಪನೂ ಒಪ್ಪಬೇಕು!"

ಅಮ್ಮ ಗೋಡೆಯ ಕಡೆಯೇ ಮಲಗಿದ್ದರು. ಹೆಗಲು ಅಲುಗಲಿಲ್ಲ. ಬೆಳಿಗ್ಗೆ ಬಂದುಹೋದ ಡಾಕ್ಟರು ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದ್ದು ಮೊಳೆಯ ಕಿವಿಯಲ್ಲಿತ್ತು. ಹೆಚ್ಚು ದಿನ ಇಲ್ಲ... ಅವರಿಗೇ ಬದುಕೋ ಮನಸ್ಸಿಲ್ಲ.

'ಹೋಗೋದಕ್ಕೆ ಮುಂಚೆ ಅಮ್ಮನ ಹೆಸರು ಅಮ್ಮನಿಗೆ ವಾಪಸ್ ಸಿಗಬೇಕು. ಕಳ್ಳಿ ಅನ್ನಿಸಿಕೊಂಡು ಹೋಗಬಾರದು...' ಅವಳಿಗೆ ಬೇಕಿದ್ದದ್ದು ಇಷ್ಟೇ. ಹೇಗೆ ಎಂದು ಮಾತ್ರ ಗೊತ್ತಿರಲಿಲ್ಲ.

* * *

ಮೂರನೆಯ ದಿನ ಅವನು ಅಂಗಡಿಗೆ ಬಂದ. ಕೈಯಲ್ಲೊಂದು ಮುರಿದ ಪುಟ್ಟ ಫ್ರೇಮ್.

"ಇದನ್ನ ಕೂಡಿಸಿ ಕೊಡ್ತೀರಾ?"

ಅವಳು ಒಮ್ಮೆ ನೋಡಿದಳು. ಮುರಿದ ಜಾಗದ ಮರ ಇನ್ನೂ ಬೆಳ್ಳಗಿತ್ತು. "ಇವತ್ತು ಬೆಳಿಗ್ಗೆ ನೀವೇ ಮುರಿದಿದ್ದೀರಿ."

ಅವನ ಕಿವಿ ಕೆಂಪಾಯಿತು. "ಹೌದು. ಒಳಗೆ ಬರೋಕೆ ಬೇರೆ ನೆಪ ಸಿಗಲಿಲ್ಲ."

ಕಿಟಕಿಯಿಂದ ಇಣುಕಿದ ಚಿಕ್ಕಮ್ಮನಿಗೆ ನಗು ತಡೆಯಲಾಗಲಿಲ್ಲ. ಆ ಮನೆಯಲ್ಲಿ ಎರಡು ವಾರದ ಮೇಲೆ ಕೇಳಿದ ಮೊದಲ ನಗು ಅದು.

"ನಿಮ್ಮ ತಾಯಿ ಹತ್ತಿರ ಒಂದು ಮಾತು ಹೇಳಬೇಕು," ಎಂದ ಅವನು. "ಬೇಡ ಅಂದ್ರೆ ಹೋಗ್ತೀನಿ."

ಬೇಡ ಎನ್ನಲು ಬಾಯಿ ತೆರೆದವಳು ಯಾಕೋ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಅವನು ಮಂಚದ ಪಕ್ಕ ನೆಲದ ಮೇಲೇ ಕೂತ. "ಅಮ್ಮಾ, ಆ ಸಾಲು ಬರೆದವನು ನಾನು. ಸಹಿ ಹೊಸದು ಅಂತ ಬರೆದೆ, ಚಿತ್ರ ನಿಮ್ಮದಲ್ಲ ಅಂತ ಬರೆದಿಲ್ಲ. ಆದ್ರೆ ಓದೋರು ಹಾಗೇ ಓದ್ತಾರೆ ಅಂತ ನನಗೆ ಹೊಳೀಬೇಕಿತ್ತು. ಹೊಳೀಲಿಲ್ಲ."

ಅಮ್ಮ ತಿರುಗಲಿಲ್ಲ.

ಆದರೆ ಒಂದು ಕೈ ಮೆಲ್ಲಗೆ ಹಿಂದಕ್ಕೆ ಬಂತು. ತೋರುಬೆರಳು ಮಂಚದ ಪಟ್ಟಿಯ ಅಂಚನ್ನು ಸವರಿತು. ಈ ಕಡೆಯಿಂದ ಆ ಕಡೆಗೆ. ಮತ್ತೆ ಆ ಕಡೆಯಿಂದ ಈ ಕಡೆಗೆ.

"ದಿನಾ ಹೀಗೇ ಮಾಡ್ತಾಳೆ," ಎಂದರು ಚಿಕ್ಕಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು. "ಏನೋ ನಿಶ್ಶಕ್ತಿ."

ಅವನು ಆ ಬೆರಳನ್ನೇ ನೋಡುತ್ತಿದ್ದ.

"ನಿಶ್ಶಕ್ತಿ ಅಲ್ಲ," ಎಂದ ನಿಧಾನವಾಗಿ. "ಅಂಚು ತೋರಿಸ್ತಿದ್ದಾರೆ."

ಅಂಚು!

ಹದಿನೇಳು ವರ್ಷದ ಹಿಂದಿನ ಒಂದು ಮಧ್ಯಾಹ್ನ ಮೊಳೆಯ ಕಣ್ಣ ಮುಂದೆ ಬಂದು ನಿಂತಿತು. ಗೋಂದಿನ ಬಟ್ಟಲು, ಕಂದು ಕಾಗದದ ಪಟ್ಟಿಗಳು, ಪಕ್ಕದಲ್ಲಿ ಅಮ್ಮ. 'ಅಂಚಿಗೆ ಅಂಟಿಸಬೇಡ ಮಗಳೇ.' 'ಅಮ್ಮಾ, ಅಂಚು ಮುಚ್ಚದಿದ್ರೆ ಧೂಳು ಹೋಗುತ್ತೆ! ಎಷ್ಟು ಗಲೀಜಾಗಿದೆ ನೋಡು, ಬಣ್ಣ, ಪೆನ್ಸಿಲ್ ಗೀಚು...' ಅಮ್ಮ ಇನ್ನೇನೋ ಹೇಳಹೊರಟು ಸುಮ್ಮನಾಗಿದ್ದರು. ಮಗಳ ಮೊದಲ ಕೆಲಸ, ಮನಸ್ಸು ನೋಯಿಸುವುದೇಕೆ ಎಂದು.

ಅವಳು ಖಾಲಿ ತೊಟ್ಟಿಲಿನ ಚಿತ್ರ ತಂದು ಅಂಗಡಿಯ ಮೇಜಿನ ಮೇಲಿಟ್ಟಳು. ತಾನೇ ಹೊಡೆದ ಮೊಳೆಗಳನ್ನು ತಾನೇ ಕಿತ್ತಳು. ಫ್ರೇಮ್ ಕಳಚಿ ಬಂತು. ಕ್ಯಾನ್ವಾಸ್ ಹಿಂದಿನ ಮರದ ಪಟ್ಟಿಗೆ ಮಡಚಿಕೊಳ್ಳುವ ಬದಿಯ ಅಂಚಿಗೆ ಸುತ್ತ ಕಂದು ಕಾಗದ. ಎಷ್ಟು ನೀಟಾಗಿ ಅಂಟಿಸಿದ್ದಳು!

ಅವನು ಹತ್ತಿಯನ್ನು ನೀರಲ್ಲಿ ಅದ್ದಿ, ಹಿಂಡಿ, ಅವಳ ಕೈಗೆ ಕೊಟ್ಟ. "ನಿಮ್ಮ ಕೆಲಸ. ನೀವೇ ಬಿಚ್ಚಿ."

ಬೆರಳಗಲ, ಬೆರಳಗಲ ಕಾಗದ ನೆನೆದು ಮೇಲೆದ್ದಿತು. ಕೆಳಗೆ... ಅಕ್ಷರಗಳು! ಇರುವೆಯಷ್ಟು ಸಣ್ಣ ಪೆನ್ಸಿಲ್ ಅಕ್ಷರಗಳು. ಅಮ್ಮನ ಕೈಬರಹ.

*ಜ್ವರ ನೂರಾ ಮೂರು. ಮೂರು ಗಂಟೆಗೆ ಔಷಧಿ. ನೀಲಿ ಸಾಲದು.*

*ಅವರು ಊಟಕ್ಕೆ ಬರುವ ಮೊದಲು ಒಣಗಬೇಕು.*

*ಮೊಳೆ ಇವತ್ತು ಮೊದಲ ಹೆಜ್ಜೆ ಇಟ್ಟಳು. ನನ್ನ ಕೈತುಂಬ ಹಸಿರು. ಎತ್ತಿಕೊಳ್ಳಲಾಗಲಿಲ್ಲ.*

ಅವಳು ಹತ್ತಿಯನ್ನು ಕೆಳಗಿಟ್ಟಳು.

ಅವನು ಭೂತಗನ್ನಡಿ ಇಳಿಸಿ ಬಹಳ ಹೊತ್ತು ನೋಡಿದ. ತಲೆಯೆತ್ತಿದಾಗ ಅವನ ಕಣ್ಣೂ ಒದ್ದೆಯಾಗಿತ್ತು. "ಚಿತ್ರದ ಹಸಿರು ಇಲ್ಲಿಗೆ ಇಳಿದು ಅಕ್ಷರದ ಮೇಲೆ ಹರಿದಿದೆ. ಅಕ್ಷರ ಮೊದಲು, ಬಣ್ಣ ಆಮೇಲೆ. ಈ ಚಿತ್ರ ಬರೆಯೋವಾಗ ಇಲ್ಲಿ ನಿಂತಿದ್ದು ನಿಮ್ಮಮ್ಮ. ಇದನ್ನ ಯಾವ ಸಮಿತಿಯೂ ಅಲ್ಲಗಳೆಯೋಕಾಗಲ್ಲ."

ಅವಳು ಚಿತ್ರವನ್ನು ಅಮ್ಮನ ಬಳಿ ಒಯ್ದು ಆ ಸಾಲುಗಳನ್ನು ಓದಿದಳು. ಅಳುತ್ತಾ, ತಪ್ಪುತ್ತಾ, ಮತ್ತೆ ಓದಿದಳು.

ಅಮ್ಮ ತಿರುಗಿದರು!

ಹದಿನಾಲ್ಕು ದಿನದ ಮೇಲೆ ಅವರ ಮುಖ ಕಂಡಿತು. ಎಷ್ಟು ಸಣ್ಣದಾಗಿಬಿಟ್ಟಿತ್ತು... ಮಗಳನ್ನೇ ನೋಡಿದರು. ಆಮೇಲೆ ಎರಡೂ ಅಂಗೈಗಳನ್ನು ಹೊದಿಕೆಗೆ ಒರೆಸಿಕೊಂಡರು. ಮುಂದೆ, ಹಿಂದೆ, ಬೆರಳಿನ ಸಂದಿಯಲ್ಲಿ. ಬಣ್ಣ ಉಳಿದಿಲ್ಲ ಎಂದು ಖಾತ್ರಿಯಾದ ಮೇಲೆ ಕೈಚಾಚಿ ಮಗಳ ತಲೆಯನ್ನು ಎದೆಗೆ ಎಳೆದುಕೊಂಡರು.

ಬಾಗಿಲಲ್ಲಿ ನಿಂತಿದ್ದವನು ಸದ್ದಿಲ್ಲದೆ ಹೊರಗೆ ಹೋದ.

* * *

ಆಮೇಲಿನ ಒಂದು ವಾರ ಅವನು ದಿನವೂ ಬಂದ. ನಾಲ್ಕೂ ಚಿತ್ರಗಳ ಅಂಚನ್ನು ಸಾಲು ಸಾಲಾಗಿ ಬರೆದುಕೊಂಡ. ಅವಳು ಕಾಗದ ಬಿಡಿಸುತ್ತಿದ್ದಳು, ಅವನು ಓದುತ್ತಿದ್ದ. ಚಿಕ್ಕಮ್ಮ ಟೀ ತಂದಿಟ್ಟು, "ಏನಪ್ಪಾ, ಅಂಚು ಮುಗೀತಾ, ಇಲ್ಲ ಮೊಳೆ ಹತ್ತಿರ ಬಂದು ನಿಂತಿದೀಯಾ?" ಎಂದು ಕಾಲೆಳೆಯುತ್ತಿದ್ದರು. ಇಬ್ಬರ ಕೈಯೂ ಒಂದೇ ನೀರಿನ ಬಟ್ಟಲಿಗೆ ಹೋಗಿ ತಾಗಿ, ಇಬ್ಬರೂ ಒಟ್ಟಿಗೇ ಹಿಂದಕ್ಕೆಳೆದುಕೊಳ್ಳುತ್ತಿದ್ದರು. ಇದು ಸಂತೋಷಪಡುವ ಹೊತ್ತಲ್ಲ ಎಂದು ಅವಳು ತನ್ನನ್ನೇ ಗದರಿಸಿಕೊಳ್ಳುತ್ತಿದ್ದಳು. ಆದರೂ ಹತ್ತು ಗಂಟೆಯಾದರೆ ಕಣ್ಣು ರಸ್ತೆಯ ಕಡೆ ಹೋಗುತ್ತಿತ್ತು.

ಸಮಿತಿ ಸೋಮವಾರ ಸೇರುವುದಿತ್ತು.

ಗುರುವಾರ ಬೆಳಿಗ್ಗೆ ಅಮ್ಮ ಏಳಲಿಲ್ಲ.

ಕೇವಲ ನಾಲ್ಕು ದಿನ! ನಾಲ್ಕು ದಿನ ತಡೆದಿದ್ದರೆ ತಮ್ಮ ಹೆಸರನ್ನು ಕೇಳಿ ಹೋಗುತ್ತಿದ್ದರು...

ಎಲ್ಲ ಮುಗಿದ ಮೇಲೆ ಅವನು ಗೇಟಿನ ಹೊರಗೆ ನಿಂತಿದ್ದ. ಒಳಗೆ ಬರುವ ಧೈರ್ಯವಿಲ್ಲದೆ, ಹೋಗುವ ಮನಸ್ಸೂ ಇಲ್ಲದೆ. ಅವಳೇ ಹೊರಗೆ ಬಂದಳು. ಒಳಗೆ ಕುದಿಯುತ್ತಿದ್ದದ್ದಕ್ಕೆಲ್ಲ ಒಂದು ಮುಖ ಬೇಕಿತ್ತು. ಸಿಕ್ಕಿದ್ದು ಅವನ ಮುಖ.

"ಮೊದಲನೇ ಸಲಾನೇ ಅಂಚು ನೋಡಿದ್ರೆ ಏನಾಗ್ತಿತ್ತು ನಿಮಗೆ? ಒಂದು ಫ್ರೇಮ್ ಬಿಚ್ಚೋಕೆ ಎಷ್ಟು ಹೊತ್ತು ಬೇಕು? ಅಮ್ಮ ಕಳ್ಳಿ ಅನ್ನಿಸಿಕೊಳ್ತಾನೇ ಇರಲಿಲ್ಲ. ಆ ಹದಿನಾಲ್ಕು ದಿನ ಗೋಡೆ ನೋಡ್ಕೊಂಡು ಸಾಯ್ತಿರಲಿಲ್ಲ!"

ಅವನು ಅವಳನ್ನೇ ನೋಡಿದ. ಏನೋ ಹೇಳಹೊರಟವನು ತುಟಿ ಕಚ್ಚಿಕೊಂಡ.

"ಹೌದು. ನೋಡಬೇಕಿತ್ತು."

"ಹೋಗಿ. ಇನ್ನೊಮ್ಮೆ ನನ್ನ ಕಣ್ಣಿಗೆ ಬೀಳಬೇಡಿ."

ಅವನು ತಲೆತಗ್ಗಿಸಿ ನಡೆದುಹೋದ.

* * *

ಹತ್ತು ದಿನದ ನಂತರ ಸಂಗ್ರಹದ ನಿರ್ದೇಶಕಿ ಕರೆಕಳಿಸಿದರು. ತಲೆಗೂದಲು ಬೆಳ್ಳಗಾದ, ಕಡಿಮೆ ಮಾತಿನ ಹೆಂಗಸು.

"ಸಮಿತಿ ನಾಲ್ಕನ್ನೂ ಒಪ್ಪಿದೆಯಮ್ಮ. ಇನ್ನು ನಿಮ್ಮ ತಾಯಿ ಹೆಸರಲ್ಲೇ ಇರ್ತವೆ. ಇಲ್ಲಿ ಸಹಿ ಮಾಡಿ."

ಅಮ್ಮನ ಹೆಸರು ಪೂರ್ತಿಯಾಗಿ ಟೈಪಾಗಿತ್ತು. ಅದರ ಮೇಲೆ ಬೆರಳಾಡಿಸಿದಳು. ಯಾರಿಗೆ ತೋರಿಸುವುದು?

ಕಡತದ ಹಾಳೆ ತಿರುಗಿಸುವಾಗ ಒಂದು ಕಡೆ ಕೈ ನಿಂತಿತು. ಅದು ಅವಳದೇ ಅಕ್ಷರ.

*ಪರೀಕ್ಷೆಗಾಗಿ ಫ್ರೇಮ್ ಬಿಚ್ಚಲು ಒಪ್ಪಿಗೆ ಇದೆಯೇ?* ಎಂಬ ಅಚ್ಚಾದ ಪ್ರಶ್ನೆ. ಕೆಳಗೆ ಅವಳ ಉತ್ತರ. *ಇಲ್ಲ. ಕಟ್ಟು ಹಾಕಿದವಳು ನಾನೇ. ಬಿಚ್ಚುವ ಅಗತ್ಯವಿಲ್ಲ.*

ಅದರ ಹಿಂದೆ ಅವನ ಎರಡನೆಯ ಕೋರಿಕೆ. *ಬಿಚ್ಚದೆ ಅಂಚು ನೋಡಲಾಗದು. ದಯವಿಟ್ಟು ಮತ್ತೊಮ್ಮೆ ಯೋಚಿಸಿ.* ಅದಕ್ಕೂ ಅವಳ ಉತ್ತರ, ಇನ್ನೂ ದಪ್ಪಕ್ಷರದಲ್ಲಿ. *ಇಲ್ಲ.*

ಈಗ ನೆನಪಾಯಿತು. ಅಂಗಡಿಯಲ್ಲಿ ನಿಂತುಕೊಂಡೇ ಬರೆದದ್ದು. ನನ್ನ ಕೆಲಸ ಬಿಚ್ಚಿ ನೋಡೋಕೆ ಇವನ್ಯಾರು ಎಂಬ ಜಂಭದಲ್ಲಿ. ಅಮ್ಮನನ್ನು ಒಂದು ಮಾತೂ ಕೇಳದೆ.

ಹಾಳೆಯನ್ನು ಮೊದಲಿನಿಂದ ಮತ್ತೊಮ್ಮೆ ಓದಿದಳು.

ಮುಚ್ಚಿದವಳೂ ನಾನೇ. ಬಿಚ್ಚಬೇಡ ಎಂದವಳೂ ನಾನೇ...

"ಇದು ಅವರಿಗೆ ಗೊತ್ತಿತ್ತಾ?" ಎಂದಳು ಹಾಳೆಯಿಂದ ತಲೆಯೆತ್ತದೆ.

"ನೀವು ಮೊದಲ ದಿನ ಇಲ್ಲಿ ಬಂದು ಕೂಗಾಡಿದಾಗಲೇ ಗೊತ್ತಿತ್ತು. 'ತೋರಿಸಯ್ಯ ಆಕೆಗೆ' ಅಂದೆ. 'ಬೇಡ ಮೇಡಂ, ಆಕೆ ಹೊತ್ತಿರೋದೇ ಸಾಕು' ಅಂದ." ನಿರ್ದೇಶಕಿ ಇನ್ನೊಂದು ಹಾಳೆ ಮುಂದೆ ತಳ್ಳಿದರು. "ಇದು ಅವನ ಹೊಸ ವರದಿ. ಕೊನೇ ಸಾಲು ಓದಿ."

*ಮೊದಲ ಪರೀಕ್ಷೆಯಲ್ಲಿ ಅಂಚು ನೋಡದಿದ್ದದ್ದು ಸಂಪೂರ್ಣ ನನ್ನ ಲೋಪ.*

"ಹದಿನಾರು ವರ್ಷದಲ್ಲಿ ಅವನು ಬರೆದ ಒಂದೇ ಒಂದು ಸುಳ್ಳು," ಎಂದರು ನಿರ್ದೇಶಕಿ. "ಸಮಿತಿ ಅದನ್ನೇ ಹಿಡ್ಕೊಂಡು ಕೆಲಸದಿಂದ ತೆಗೀಬೇಕು ಅಂತಿದೆ. ಆದೇಶ ನನ್ನ ಮೇಜಿನ ಮೇಲಿದೆ. ಇನ್ನೂ ಸಹಿ ಹಾಕಿಲ್ಲ."

ಅವಳು ಕಣ್ಣೊರೆಸಿಕೊಂಡಳು. "ಒಂದು ಬಿಳಿ ಹಾಳೆ ಕೊಡಿ."

ಅಲ್ಲೇ ಕೂತು ಬರೆದಳು. ಒಪ್ಪಿಗೆ ಎರಡು ಸಲ ಕೇಳಲಾಗಿತ್ತು, ಎರಡು ಸಲವೂ ಇಲ್ಲವೆಂದವಳು ನಾನು, ಅಂಚು ಮುಚ್ಚಿದವಳೂ ನಾನು, ತಪ್ಪು ನನ್ನದು ಎಂದು. ಬರೆಯುವಾಗ ಎದೆಗೆ ಮೊಳೆ ಹೊಡೆದ ಹಾಗಾಗುತ್ತಿತ್ತು. ಆದರೂ ಒಂದಕ್ಷರ ಮೆತ್ತಗೆ ಮಾಡಲಿಲ್ಲ. ನಿರ್ದೇಶಕಿ ಅದನ್ನು ಓದಿ, ಮೇಜಿನ ಮೇಲಿದ್ದ ಆದೇಶವನ್ನು ಡ್ರಾಯರಿನೊಳಗೆ ಹಾಕಿ ಮುಚ್ಚಿದರು.

* * *

ಮತ್ತೊಂದು ವಾರ ಕಳೆದು ಅವಳು ಹೊಸ ಫ್ರೇಮ್ ಹೊತ್ತು ನೆಲಮಾಳಿಗೆಗೆ ಇಳಿದಳು. ಆ ವಾರವೆಲ್ಲ ಒಬ್ಬಳೇ ಕೂತು ಮಾಡಿದ್ದು. ಚಿತ್ರಕ್ಕೂ ಮರಕ್ಕೂ ನಡುವೆ ಎರಡು ಬೆರಳು ಜಾಗ ಬಿಟ್ಟಿದ್ದಳು. ನೋಡುವವರು ಬಗ್ಗಿದರೆ ಅಂಚಿನ ಅಕ್ಷರಗಳು ಕಾಣಬೇಕು.

ಅವನು ಅದೇ ಮೇಜಿನಲ್ಲಿ, ಅದೇ ದೀಪದ ಕೆಳಗಿದ್ದ. ಅವಳನ್ನು ಕಂಡು ಎದ್ದು ನಿಂತ. ಇಬ್ಬರೂ ಸೇರಿ ಖಾಲಿ ತೊಟ್ಟಿಲನ್ನು ಫ್ರೇಮಿನೊಳಗೆ ಕೂರಿಸಿದರು. ಅವಳು ಮೂಲೆಗಳಿಗೆ ಗೋಂದು ಹಚ್ಚಿದಳು, ಅವನು ಒತ್ತಿ ಹಿಡಿದ.

"ಯಾಕೆ ಹೇಳಲಿಲ್ಲ?" ಎಂದಳು ಕೊನೆಗೆ. "ಗೇಟಿನ ಹತ್ತಿರ ಅಷ್ಟೆಲ್ಲ ಅಂದೆ. ಒಂದು ಮಾತಲ್ಲಿ ನನ್ನ ಬಾಯಿ ಮುಚ್ಚಿಸಬಹುದಿತ್ತು."

"ಅಮ್ಮನ್ನ ಕಳ್ಕೊಂಡ ದಿನ ಆ ಹಾಳೆ ನಿಮ್ಮ ಕೈಗೆ ಕೊಡೋಕೆ ನನ್ನಿಂದ ಆಗ್ತಿರಲಿಲ್ಲ. ನನ್ನ ಮೇಲೆ ಕೋಪ ಇದ್ರೆ ನೀವು ನೆಟ್ಟಗೆ ನಿಂತಿರ್ತೀರಿ ಅನ್ನಿಸ್ತು."

"ಕಂಡದ್ದನ್ನ ಮಾತ್ರ ಬರೀತೀನಿ ಅಂದವರು ಸುಳ್ಳು ಬರೆದ್ರಿ."

"ಬರೆದೆ."

"ಈಗ ನಿಜ ಬರೀರಿ ನೋಡೋಣ. ನನ್ನ ಬಗ್ಗೆ. ಏನು ಕಾಣ್ತಿದೆ?"

ಅವನು ಭೂತಗನ್ನಡಿಯನ್ನು ತಲೆಯಿಂದ ತೆಗೆದು ಮೇಜಿನ ಮೇಲಿಟ್ಟ. ಬರಿಗಣ್ಣಿನಲ್ಲಿ ಅವಳನ್ನು ನೋಡಿದ.

"ಎಡ ಹೆಬ್ಬೆರಳಲ್ಲಿ ಸುತ್ತಿಗೆ ಗಾಯ. ಹಳೇದು. ಕಣ್ಣಿನ ಕೆಳಗೆ ಕಪ್ಪು. ಹೊಸದು. ಕೋಪ ಮೇಲ್ಗಡೆ ಮಾತ್ರ ಇದೆ, ಆಮೇಲೆ ಬಳಿದಿದ್ದು. ಅದರ ಕೆಳಗೆ..." ಅವನು ದೀಪವನ್ನು ಪಕ್ಕಕ್ಕೆ ಸರಿಸಿದ. "ಅದರ ಕೆಳಗೆ ನನಗೇನಾದ್ರೂ ಜಾಗ ಇದೆಯಾ ಅಂತ ಗೊತ್ತಿಲ್ಲ. ಒಪ್ಪಿಗೆ ಇಲ್ದೆ ನಾನು ಮುಂದೆ ನೋಡಲ್ಲ. ನಿಮ್ಮನ್ನ ಕಂಡ್ರೆ ನನಗೆ ಇಷ್ಟ. ಇದು ಮಾತ್ರ ಖಚಿತವಾಗಿ ಬರೆಯಬಲ್ಲೆ."

ಅವಳ ಕಣ್ಣು ತುಂಬಿ ಹರಿಯಿತು. ಅಮ್ಮ ಹೋದ ಮೇಲೆ ಕೋಪವಿಲ್ಲದೆ ಅತ್ತದ್ದು ಇದೇ ಮೊದಲು.

"ಎರಡು ಸಲ ಕೇಳಿದ್ರಿ, ಎರಡು ಸಲಾನೂ ಇಲ್ಲ ಅಂದೆ..."

"ಮೂರನೇ ಸಲ ಕೇಳ್ತಿದ್ದೀನಿ."

"ಒಪ್ಪಿಗೆ ಇದೆ," ಎಂದಳು.

ಅವನು ಕೈ ಚಾಚಿದ. ಅವಳು ತನ್ನ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

"ಬೇಡ... ತಾಳಿ. ಕೈತುಂಬ ಗೋಂದು."

ಅವನು ಆ ಕೈಯನ್ನು ಹಾಗೇ ಹಿಡಿದುಕೊಂಡ.

"ಇರಲಿ. ಒಣಗಲಿ ಅಂತ ಕಾಯೋದು ಬೇಡ."